ಹೊಸ ಕಾರಿನ ಎಂಜಿನ್ ಕಾದಾಗ: ಮೊದಲ ನಿಮಿಷದಿಂದ ಜಾಬ್ ಕಾರ್ಡ್‌ವರೆಗೆ

ಕಾರು ಕೊಂಡು ವರ್ಷವೂ ತುಂಬಿರುವುದಿಲ್ಲ. ಏರುರಸ್ತೆಯಲ್ಲೋ ಟ್ರಾಫಿಕ್ಕಿನಲ್ಲೋ ಡ್ಯಾಶ್‌ಬೋರ್ಡಿನ ಮೇಲೆ ಥರ್ಮಾಮೀಟರ್ ಚಿತ್ರದ ಕೆಂಪು ದೀಪ ಹತ್ತಿಕೊಳ್ಳುತ್ತದೆ. ‘ಹೊಸ ಗಾಡಿ, ಏನೂ ಆಗಲಿಕ್ಕಿಲ್ಲ, ಮನೆ ಮುಟ್ಟಿದ ಮೇಲೆ ನೋಡೋಣ’ ಎಂದು ಅನಿಸುವುದು ಸಹಜ. ಆದರೆ ಒಂದು ಕ್ಲಿಪ್ ಸರಿಪಡಿಸಿದರೆ ಮುಗಿಯಬಹುದಾದ ತೊಂದರೆಯನ್ನು ಎಂಜಿನ್ ಬಿಚ್ಚುವ ಕೆಲಸವಾಗಿಸುವುದು ಆ ನಾಲ್ಕೈದು ಕಿಲೊಮೀಟರ್‌ಗಳೇ. ಈಗಿನ ಎಂಜಿನ್‌ಗಳ ಸಿಲಿಂಡರ್ ಹೆಡ್ ಅಲ್ಯೂಮಿನಿಯಂನದು. ಮಿತಿಮೀರಿ ಕಾದರೆ ಅದು ಸೊಟ್ಟಗಾಗುತ್ತದೆ, ಅದರ ಕೆಳಗೆ ಸೋರದಂತೆ ಕೂರಿಸಿರುವ ತೆಳು ಹಾಳೆ, ಅಂದರೆ ಹೆಡ್ ಗ್ಯಾಸ್ಕೆಟ್, ಬಿಟ್ಟುಕೊಳ್ಳುತ್ತದೆ. ಕಾರು ಹೊಸದೋ ಹಳೆಯದೋ ಎಂಬುದು ಲೋಹಕ್ಕೆ ಗೊತ್ತಾಗುವುದಿಲ್ಲ.

ಒಂದು ಮಾತನ್ನು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳಿ. ಕೂಲಂಟ್, ಅಂದರೆ ಎಂಜಿನ್ ತಣಿಸುವ ದ್ರವ, ಪೆಟ್ರೋಲಿನಂತೆ ಖರ್ಚಾಗುವ ವಸ್ತುವಲ್ಲ. ಅದು ಮುಚ್ಚಿದ ವ್ಯವಸ್ಥೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಡಿಮೆಯಾಗಿದೆ ಎಂದರೆ ಎಲ್ಲಿಂದಲೋ ಹೊರಗೆ ಹೋಗಿದೆ ಎಂದೇ ಅರ್ಥ. ಆದ್ದರಿಂದ ‘ಕೂಲಂಟ್ ಹಾಕಿಕೊಟ್ಟಿದ್ದೇವೆ, ಸರಿಯಾಗಿದೆ’ ಎಂಬುದು ರಿಪೇರಿ ಅಲ್ಲ.

ದೀಪ ಹತ್ತಿದ ತಕ್ಷಣ

ತಾಪಮಾನ ತೋರಿಸುವ ಮುಳ್ಳು ಮಧ್ಯದಿಂದ ಸ್ವಲ್ಪ ಮೇಲೇರಿದೆ, ಕೆಂಪು ದೀಪ ಇನ್ನೂ ಬಂದಿಲ್ಲ ಎಂದಾದರೆ ಎಸಿ ಆಫ್ ಮಾಡಿ, ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಬ್ಲೋವರ್ ಜೋರಾಗಿಡಿ, ಕಿಟಕಿ ಇಳಿಸಿ. ಹೀಟರಿನೊಳಗೂ ಒಂದು ಪುಟ್ಟ ರೇಡಿಯೇಟರ್ ಇದೆ. ಎಂಜಿನ್‌ನ ಶಾಖದ ಒಂದಿಷ್ಟು ಪಾಲನ್ನು ಅದು ಒಳಗೆ ಎಳೆದುಕೊಳ್ಳುತ್ತದೆ. ಮೈ ಬೆವರುತ್ತದೆ, ಎಂಜಿನ್ ಉಳಿಯುತ್ತದೆ. ಹಾಗೆಯೇ ಸುರಕ್ಷಿತ ಜಾಗ ನೋಡಿ ನಿಲ್ಲಿಸಿ.

ಹೀಟರನ್ನು ಬಿಸಿಗೆ ಇಟ್ಟರೂ ತಣ್ಣನೆ ಗಾಳಿ ಬಂದರೆ ಅದು ಕೆಟ್ಟ ಸೂಚನೆ. ಹೀಟರ್‌ವರೆಗೆ ಕೂಲಂಟ್ ತಲುಪುತ್ತಿಲ್ಲ. ಒಂದೋ ಸೋರಿಹೋಗಿದೆ, ಇಲ್ಲವೇ ಅದನ್ನು ಸುತ್ತಿಸುವ ವಾಟರ್ ಪಂಪ್ ತಿರುಗುತ್ತಿಲ್ಲ. ಆಗ ಮತ್ತೆ ಯೋಚಿಸದೆ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಿ. ಕೆಂಪು ದೀಪ ಬಂದರೂ, ಬಾನೆಟ್ ಅಂಚಿನಿಂದ ಹಬೆ ಕಂಡರೂ ಹೀಗೇ ಮಾಡಿ.

ಮುಳ್ಳನ್ನೇ ಪೂರ್ತಿ ನಂಬಬೇಡಿ. ಅನೇಕ ಕಾರುಗಳಲ್ಲಿ ತಾಪಮಾನ ಸಾಕಷ್ಟು ಏರಿಳಿದರೂ ಮುಳ್ಳು ಮಧ್ಯದಲ್ಲೇ ನಿಲ್ಲುವಂತೆ ಸಾಫ್ಟ್‌ವೇರ್ ಹೊಂದಿಸಿರುತ್ತಾರೆ. ಅದು ಮೇಲೇರಲು ಶುರುವಾಗುವ ಹೊತ್ತಿಗೆ ಎಂಜಿನ್ ಆಗಲೇ ಬಹಳ ಕಾದಿರುತ್ತದೆ. ಇನ್ನೂ ಮೋಸದ ಸಂಗತಿ ಎಂದರೆ, ಕೂಲಂಟ್ ಪೂರ್ತಿ ಖಾಲಿಯಾದರೆ ಸೆನ್ಸರ್ ದ್ರವದಲ್ಲಿ ಮುಳುಗಿರದೆ ಬರಿಯ ಗಾಳಿಯಲ್ಲಿ ಉಳಿಯುತ್ತದೆ. ಆಗ ಮುಳ್ಳು ಕೆಳಗಿಳಿಯಲೂಬಹುದು. ಏರಿದ್ದ ಮುಳ್ಳು ಕಾರಣವಿಲ್ಲದೆ ದಿಢೀರನೆ ಇಳಿದರೆ ನೆಮ್ಮದಿ ಪಡಬೇಡಿ, ಗಾಡಿ ನಿಲ್ಲಿಸಿ.

ನಿಲ್ಲಿಸಿದ ಕೂಡಲೇ ಡ್ಯಾಶ್‌ಬೋರ್ಡಿನ ಫೋಟೊ ತೆಗೆಯಿರಿ. ದೀಪ, ಮುಳ್ಳು, ಓಡೋಮೀಟರ್ ಮೂರೂ ಒಂದೇ ಚಿತ್ರದಲ್ಲಿರಲಿ.

ಬಾನೆಟ್ ತೆರೆಯಲು ಅವಸರ ಬೇಡ

ಹಬೆ ಬರುತ್ತಿದ್ದರೆ ಅದು ನಿಲ್ಲುವವರೆಗೆ ಬಾನೆಟ್ ಮುಟ್ಟಬೇಡಿ. ನಿಂತ ಮೇಲೂ ಕೂಲಂಟ್ ಮುಚ್ಚಳ ತಿರುಗಿಸಲು ಕನಿಷ್ಠ 45 ನಿಮಿಷ, ಸಾಧ್ಯವಾದರೆ ಒಂದು ಗಂಟೆ ಬಿಡಿ. ಸಮುದ್ರಮಟ್ಟದಲ್ಲಿ ಬರೀ ನೀರು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇರುವ ಕೂಲಂಟ್ ಸುಮಾರು 107ರಲ್ಲಿ ಕುದಿಯುತ್ತದೆ. ಮುಚ್ಚಳ ಒಳಗಡೆ ಸುಮಾರು 1 ಬಾರ್ ಒತ್ತಡ ಹಿಡಿದಿಟ್ಟುಕೊಂಡರೆ ಅದೇ ದ್ರವ 125 ದಾಟಿದರೂ ಕುದಿಯದೆ ಇರುತ್ತದೆ. ಬಿಸಿಯಲ್ಲಿ ಮುಚ್ಚಳ ತೆರೆದರೆ ಆ ಒತ್ತಡ ಒಮ್ಮೆಗೇ ಇಳಿಯುತ್ತದೆ, ದ್ರವ ಆ ಕ್ಷಣವೇ ಕುದಿದು ಮುಖಕ್ಕೆ ಚಿಮ್ಮುತ್ತದೆ. ಮುಖ, ಕೈ ಸುಟ್ಟುಕೊಳ್ಳುವುದು ಹೀಗೆ.

ತೆರೆಯುವ ಮೊದಲು ದಪ್ಪ ಬಟ್ಟೆ ಹಿಡಿದು ರೇಡಿಯೇಟರಿನ ಮೇಲಿನ ದಪ್ಪ ಹೋಸ್ ಅದುಮಿ ನೋಡಿ. ಕಲ್ಲಿನಂತೆ ಗಟ್ಟಿಯಿದ್ದರೆ ಒಳಗೆ ಇನ್ನೂ ಒತ್ತಡವಿದೆ, ಕಾಯಿರಿ. ಮೆತ್ತಗಾಗಿದ್ದರೆ ಮುಚ್ಚಳದ ಮೇಲೆ ಬಟ್ಟೆ ಹಾಕಿ ಕಾಲು ಸುತ್ತು ಮಾತ್ರ ತಿರುಗಿಸಿ, ಬುಸ್ ಎನ್ನುವ ಸದ್ದು ಪೂರ್ತಿ ನಿಂತ ಮೇಲೆ ಬಿಚ್ಚಿ. ಕೀ ತೆಗೆದಿದ್ದರೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಲು ಶುರುವಾಗಬಹುದು. ಬೆರಳು, ಶಾಲು, ಕತ್ತಿನ ಸರ ಅದರ ಹತ್ತಿರ ಹೋಗದಿರಲಿ.

ಕಾದ ಎಂಜಿನ್ ಮೇಲೆ ನೀರು ಸುರಿಯುವುದು, ಒಳಗೆ ತಣ್ಣೀರು ಹೊಯ್ಯುವುದು ಎರಡೂ ತಪ್ಪು. ಬಿಸಿ ಲೋಹಕ್ಕೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು.

ಹೊಸ ಕಾರಿನಲ್ಲಿ ತಪ್ಪು ಎಲ್ಲಿರುತ್ತದೆ

ಹಳೆಯ ಕಾರಿನಲ್ಲಾದರೆ ಸವೆತ, ತುಕ್ಕು, ಕಟ್ಟಿಕೊಂಡ ರೇಡಿಯೇಟರ್ ಎನ್ನಬಹುದು. ಹೊಸ ಕಾರಿನಲ್ಲಿ ಸವೆಯುವಷ್ಟು ಕಾಲವೇ ಆಗಿರುವುದಿಲ್ಲ. ಹಾಗಾಗಿ ಜೋಡಣೆಯ ತಪ್ಪು, ದೋಷವಿರುವ ಬಿಡಿಭಾಗ, ಇಲ್ಲವೇ ಹೊರಗಿನ ಪೆಟ್ಟು, ಈ ಮೂರರಲ್ಲಿ ಹುಡುಕಬೇಕು.

ಮೊದಲು ನೆಲ ನೋಡಿ. ಮುಂದಿನ ಸೀಟಿನಲ್ಲಿ ಕಾಲಿಡುವ ಜಾಗದ ಕೆಳಗೆ ಹನಿಯುವ ತಿಳಿನೀರು ಎಸಿಯದ್ದು, ಅದರಿಂದ ತೊಂದರೆಯಿಲ್ಲ. ಕೂಲಂಟ್‌ಗೆ ಬಣ್ಣವಿರುತ್ತದೆ, ಬೆರಳಿಗೆ ಜಾರುತ್ತದೆ, ಸಿಹಿಯೆನಿಸುವ ವಾಸನೆಯಿರುತ್ತದೆ. ಯಾವ ಕಾರಣಕ್ಕೂ ನಾಲಿಗೆಗೆ ಮುಟ್ಟಿಸಬೇಡಿ. ಎಥಿಲೀನ್ ಗ್ಲೈಕಾಲ್ ವಿಷ. ರುಚಿ ಸಿಹಿಯಾಗಿರುವುದರಿಂದ ನಾಯಿ, ಬೆಕ್ಕು, ಮಕ್ಕಳಿಗೆ ಅದು ಇನ್ನಷ್ಟು ಅಪಾಯ. ಚೆಲ್ಲಿದ್ದನ್ನು ಒರೆಸಿ, ಸಾಕಷ್ಟು ನೀರು ಹಾಕಿ ತೊಳೆಯಿರಿ.

ಆಮೇಲೆ ಹೋಸ್‌ಗಳ ತುದಿ. ಟಾರ್ಚ್ ಬೇಕು. ಹೋಸ್ ಕೂತಿರುವ ಕೊಳವೆಯ ತುದಿಯ ಹತ್ತಿರ ಒಂದು ಉಬ್ಬಿದ ಬಳೆಯಂಥ ಅಂಚಿರುತ್ತದೆ. ಸ್ಪ್ರಿಂಗ್ ಕ್ಲಿಪ್ ಆ ಉಬ್ಬನ್ನು ದಾಟಿ, ಹೋಸಿನ ತುದಿಯ ಕಡೆಗೆ ನೇರವಾಗಿ ಕೂತಿರಬೇಕು. ಉಬ್ಬಿನ ಮೇಲೆಯೇ ಓರೆಯಾಗಿ ಕೂತಿದ್ದರೆ ಕಾರ್ಖಾನೆಯ ಪರೀಕ್ಷೆಯಲ್ಲಿ ಸೋರದಿದ್ದರೂ, ನೂರಾರು ಸಲ ಬಿಸಿಯಾಗಿ ತಣಿದ ಮೇಲೆ ಸೋರಬಹುದು. ಇಂಥ ಸೋರಿಕೆಯ ಒಂದು ಗುಣ ಗೊತ್ತಿರಲಿ: ತಣ್ಣಗಿದ್ದಾಗ ಹನಿಯುತ್ತದೆ, ಬಿಸಿಯಾದಾಗ ರಬ್ಬರ್ ಹಿಗ್ಗಿ ತಾನೇ ಮುಚ್ಚಿಕೊಳ್ಳುತ್ತದೆ. ವರ್ಕ್‌ಶಾಪಿಗೆ ಬಿಸಿಬಿಸಿಯಾಗಿ ಓಡಿಸಿಕೊಂಡು ಹೋದ ಕಾರಿನಲ್ಲಿ ‘ಎಲ್ಲೂ ಲೀಕ್ ಇಲ್ಲ’ ಎಂಬ ಉತ್ತರ ಬರಲು ಇದೂ ಒಂದು ಕಾರಣ. ಅದಕ್ಕೇ ರಾತ್ರಿ ಅಲ್ಲೇ ಬಿಟ್ಟು, ಬೆಳಿಗ್ಗೆ ತಣ್ಣಗಿರುವಾಗ ಪರೀಕ್ಷಿಸಲು ಹೇಳಬೇಕು.

ಈಗಿನ ಕಾರುಗಳಲ್ಲಿ ಕ್ಲಿಪ್ ಬದಲು ಒತ್ತಿದರೆ ಕಟ್ ಎಂದು ಕೂರುವ ಪ್ಲಾಸ್ಟಿಕ್ ಜೋಡಣೆಗಳೂ ಇವೆ. ಒಳಗಿನ ರಬ್ಬರ್ ಉಂಗುರ ಮಡಚಿಕೊಂಡಿದ್ದರೆ, ತಂತಿಯ ಲಾಕ್ ಪೂರ್ತಿ ಕೂತಿಲ್ಲದಿದ್ದರೆ ಅಲ್ಲಿಂದ ಜಿನುಗುತ್ತದೆ. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲ್ ಸೋರಿದರೆ ಹೊರಗೆ ಗೊತ್ತಾಗಲಿ ಎಂದೇ ಅದನ್ನು ಬಿಟ್ಟಿರುತ್ತಾರೆ. ಅದರ ಕೆಳಗೆ ಒಣಗಿದ ಬಿಳಿ, ಗುಲಾಬಿ ಅಥವಾ ಹಸಿರು ಪುಡಿಯ ಗೆರೆ ಕಂಡರೆ ಪಂಪ್ ಬದಲಾಯಿಸಬೇಕು. ಥರ್ಮೊಸ್ಟ್ಯಾಟ್ (ಬಿಸಿಯಾದಾಗ ತೆರೆದು ಕೂಲಂಟನ್ನು ರೇಡಿಯೇಟರಿಗೆ ಬಿಡುವ ಕವಾಟ) ಕೂರುವ ಪ್ಲಾಸ್ಟಿಕ್ ಡಬ್ಬಿಯ ಜೋಡಣೆಯಲ್ಲೂ ಇಂಥದ್ದೇ ಗೆರೆ ಹುಡುಕಿ. ರೇಡಿಯೇಟರಿನ ಮುಂಭಾಗಕ್ಕೆ ಕಲ್ಲು ಬಡಿದ ಗುರುತಿದೆಯೇ, ಪ್ಲಾಸ್ಟಿಕ್ ಚೀಲವೇನಾದರೂ ಅಂಟಿಕೊಂಡಿದೆಯೇ ಎಂದೂ ನೋಡಿಬಿಡಿ.

ಸೋರಿಕೆ ಇಲ್ಲದೆಯೂ ಕಾರು ಕಾಯಬಹುದು. ಯಾವಾಗ ಕಾಯುತ್ತದೆ ಎಂಬುದೇ ಅರ್ಧ ಉತ್ತರ ಹೇಳುತ್ತದೆ. ಟ್ರಾಫಿಕ್ಕಿನಲ್ಲಿ ನಿಂತಾಗ ಕಾದು, ವೇಗ ಹಿಡಿದಾಗ ತಣಿದರೆ ಅನುಮಾನ ಫ್ಯಾನ್ ಮೇಲೆ: ಫ್ಯೂಸ್, ರಿಲೇ, ಮೋಟಾರ್, ಕನೆಕ್ಟರ್. ಬಹುತೇಕ ಕಾರುಗಳಲ್ಲಿ ಎಸಿ ಹಾಕಿದ ಸ್ವಲ್ಪ ಹೊತ್ತಿಗೆ ಫ್ಯಾನ್ ತಿರುಗಬೇಕು. ನಿಂತಾಗ ಸರಿಯಿದ್ದು ಹೆದ್ದಾರಿಯಲ್ಲಿ, ಏರಿನಲ್ಲಿ ಕಾದರೆ ಹರಿವು ಸಾಲುತ್ತಿಲ್ಲ. ಥರ್ಮೊಸ್ಟ್ಯಾಟ್ ಪೂರ್ತಿ ತೆರೆಯುತ್ತಿಲ್ಲ, ಪಂಪ್ ದುರ್ಬಲವಾಗಿದೆ ಅಥವಾ ಕೂಲಂಟ್ ಕಡಿಮೆಯಿದೆ. ಹೊರಗೆ ಎಲ್ಲೂ ಹನಿಯಿಲ್ಲ, ಆದರೂ ಮಟ್ಟ ಇಳಿಯುತ್ತಿದೆ, ಸೈಲೆನ್ಸರಿನಿಂದ ಸಿಹಿ ವಾಸನೆಯ ಬಿಳಿ ಹೊಗೆ ಬರುತ್ತಿದೆ, ಎಂಜಿನ್ ಓಡುವಾಗ ಕೂಲಂಟ್ ಟ್ಯಾಂಕಿನಲ್ಲಿ ಗುಳ್ಳೆಗಳು ನಿಲ್ಲದೆ ಏಳುತ್ತಿವೆ ಎಂದಾದರೆ ಹೆಡ್ ಗ್ಯಾಸ್ಕೆಟ್ ಪರೀಕ್ಷಿಸಲೇಬೇಕು.

ನೀರು ಹಾಕಬಹುದೇ?

ಹೊಸ ಕಾರಿಗೆ ನಮ್ಮ ಸಲಹೆ ಒಂದೇ. ಟೋ ಮಾಡಿಸುವ ಅವಕಾಶ ಇದ್ದರೆ ಏನನ್ನೂ ಹಾಕಬೇಡಿ, ಇದ್ದ ಸ್ಥಿತಿಯಲ್ಲೇ ಕಳಿಸಿ. ಟೋ ಸಿಗದ ಜಾಗದಲ್ಲಿ ಸಿಕ್ಕಿಹಾಕಿಕೊಂಡರೆ ಮಾತ್ರ, ಎಂಜಿನ್ ಪೂರ್ತಿ ತಣಿದ ಮೇಲೆ, ಮೊದಲು ಟ್ಯಾಂಕಿನ ಮಟ್ಟದ ಫೋಟೊ ತೆಗೆದು, ಅಳೆದು ಹಾಕಿ. ಒಂದು ಲೀಟರ್ ಬಾಟಲಿಯಿಂದ ಹಾಕಿದರೆ ಲೆಕ್ಕ ಸಿಗುತ್ತದೆ. ಎಂಜಿನ್ ಚಾಲೂ ಮಾಡಿ ಹತ್ತು ನಿಮಿಷ ನೋಡಿ. ಮಟ್ಟ ಮತ್ತೆ ಇಳಿದರೆ, ನೆಲಕ್ಕೆ ಹನಿದರೆ ಅಲ್ಲಿಗೆ ಬಿಡಿ.

ಒಟ್ಟು 5 ಲೀಟರ್ ಹಿಡಿಯುವ ವ್ಯವಸ್ಥೆಯಲ್ಲಿ ಅರ್ಧಕ್ಕರ್ಧ ಕೂಲಂಟ್ ಇತ್ತೆನ್ನಿ. 1 ಲೀಟರ್ ಸೋರಿ ಅಷ್ಟೇ ನೀರು ಹಾಕಿದರೆ ಗ್ಲೈಕಾಲ್ ಪಾಲು ಶೇ 40ಕ್ಕೆ ಇಳಿಯುತ್ತದೆ, 2 ಲೀಟರ್ ಆದರೆ ಶೇ 30ಕ್ಕೆ. ಕುದಿಯುವ ಮಟ್ಟ ಇಳಿಯುತ್ತದೆ, ತುಕ್ಕು ತಡೆಯುವ ರಾಸಾಯನಿಕಗಳೂ ತೆಳುವಾಗುತ್ತವೆ. ಆದ್ದರಿಂದ ಎಷ್ಟು ನೀರು ಹಾಕಿದಿರಿ ಎಂಬುದನ್ನು ವರ್ಕ್‌ಶಾಪಿಗೆ ಹೇಳಲೇಬೇಕು. ಬೋರ್‌ವೆಲ್ ನೀರು ಗಡಸು, ಒಳಗೆ ಉಪ್ಪಿನ ಪದರ ಕಟ್ಟುತ್ತದೆ. ಡಿಸ್ಟಿಲ್ಡ್ ವಾಟರ್ ಸಿಕ್ಕರೆ ಅದನ್ನೇ ಹಾಕಿ. ಬಣ್ಣ ಒಂದೇ ಎಂದು ಬೇರೆ ಕೂಲಂಟ್ ಬೆರೆಸಬೇಡಿ. ಬಣ್ಣಕ್ಕೆ ಎಲ್ಲ ಕಂಪನಿಗಳೂ ಒಪ್ಪಿದ ನಿಯಮವೇ ಇಲ್ಲ, ಹೊಂದದ ಎರಡು ಬಗೆ ಬೆರೆತರೆ ಲೋಳೆಯಂತೆ ಗಟ್ಟಿಯಾಗಬಹುದು. ಲೀಕ್ ಮುಚ್ಚುವ ಪುಡಿ, ದ್ರಾವಣಗಳನ್ನಂತೂ ಹಾಕಲೇಬಾರದು. ಅವು ಹೀಟರಿನ ಸಣ್ಣ ಕೊಳವೆಗಳನ್ನೂ ಕಟ್ಟಿಸುತ್ತವೆ, ವಾರಂಟಿ ನಿರಾಕರಿಸಲು ಕಾರಣವನ್ನೂ ಕೊಡುತ್ತವೆ.

ಅನೇಕ ಎಲೆಕ್ಟ್ರಿಕ್, ಕೆಲವು ಹೈಬ್ರಿಡ್ ಕಾರುಗಳಲ್ಲಿ ಬ್ಯಾಟರಿಗೂ ಕೂಲಂಟ್ ಸುತ್ತುತ್ತದೆ. ಅದಕ್ಕೆ ನೀವು ಏನನ್ನೂ ಸೇರಿಸಬೇಡಿ, ನೇರ ಟೋ ಮಾಡಿಸಿ.

ವರ್ಕ್‌ಶಾಪಿನಲ್ಲಿ ಕೇಳಬೇಕಾದ್ದು

ಜಾಬ್ ಕಾರ್ಡಿನಲ್ಲಿ (ದೂರು, ಕೆಲಸ ಬರೆದುಕೊಳ್ಳುವ ವರ್ಕ್‌ಶಾಪಿನ ಚೀಟಿ) ‘ಕೂಲಂಟ್ ಟಾಪ್ ಅಪ್’ ಎಂದು ಬರೆದರೆ ಒಪ್ಪಬೇಡಿ. ದೂರನ್ನು ನಿಮ್ಮ ಮಾತಿನಲ್ಲೇ ಬರೆಸಿ: ಇಂಥ ದಿನ, ಇಷ್ಟು ಕಿಲೊಮೀಟರಿಗೆ, ಇಂಥ ವೇಗದಲ್ಲಿ, ಎಸಿ ಹಾಕಿದ್ದಾಗ ಕೆಂಪು ದೀಪ ಬಂತು, ತಕ್ಷಣ ಎಂಜಿನ್ ನಿಲ್ಲಿಸಲಾಯಿತು. ಕೊನೆಯ ಮಾತು ಬಹಳ ಮುಖ್ಯ. ದೀಪ ಬಂದ ಮೇಲೂ ಓಡಿಸಿದ್ದರಿಂದ ಆದ ಹಾನಿಯನ್ನು ಸಾಮಾನ್ಯವಾಗಿ ವಾರಂಟಿ ಭರಿಸುವುದಿಲ್ಲ.

ಯಾವ ರಿಪೇರಿಗೂ ಮೊದಲು ಸ್ಕ್ಯಾನರ್ ಹಾಕಿ, ಕಾರಿನ ಕಂಪ್ಯೂಟರ್ ದಾಖಲಿಸಿಕೊಂಡ ದೋಷದ ಕೋಡ್‌ಗಳ ಪ್ರತಿ ಕೇಳಿ. ಅಳಿಸಿದ ಮೇಲೆ ಅವು ಸಿಗುವುದಿಲ್ಲ. ಪಿ0217 ಎಂದರೆ ಎಂಜಿನ್ ಮಿತಿಮೀರಿ ಕಾದಿದೆ, ಪಿ0480 ಎಂದರೆ ಫ್ಯಾನ್ ನಿಯಂತ್ರಿಸುವ ಸರ್ಕ್ಯೂಟಿನಲ್ಲಿ ದೋಷ, ಪಿ0117 ಮತ್ತು ಪಿ0118 ತಾಪಮಾನ ಸೆನ್ಸರ್ ಸರ್ಕ್ಯೂಟಿನವು. ಪಿ0128 ಬಂದಿದ್ದರೆ ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿಲ್ಲ ಎಂದರ್ಥ, ಥರ್ಮೊಸ್ಟ್ಯಾಟ್ ತೆರೆದೇ ಉಳಿದಿರಬಹುದು. ಕೋಡಿನ ಜೊತೆ ಆ ಕ್ಷಣದ ತಾಪಮಾನ, ವೇಗ, ಆರ್‌ಪಿಎಂ ದಾಖಲಾಗಿದ್ದರೆ ಅದರ ಪ್ರತಿಯನ್ನೂ ತೆಗೆದುಕೊಳ್ಳಿ.

ನಂತರ ಪ್ರೆಶರ್ ಟೆಸ್ಟ್. ಎಂಜಿನ್ ತಣ್ಣಗಿರುವಾಗ, ಮುಚ್ಚಳದ ಜಾಗಕ್ಕೆ ಕೈಪಂಪ್ ಜೋಡಿಸಿ, ಮುಚ್ಚಳದ ಮೇಲೆ ಅಚ್ಚಾದಷ್ಟೇ ಒತ್ತಡ ಕೊಟ್ಟು 15 ನಿಮಿಷ ಬಿಡುತ್ತಾರೆ. ಪಂಪಿನ ಮೇಲಿನ ಒತ್ತಡದ ಮುಳ್ಳು ಇಳಿಯಬಾರದು. ಮುಚ್ಚಳವನ್ನು ಪ್ರತ್ಯೇಕವಾಗಿ ಪರೀಕ್ಷಿಸಲು ಹೇಳಿ. ಇದನ್ನು ಮರೆಯುವುದುಂಟು. ಅದು ಒತ್ತಡ ಹಿಡಿಯದಿದ್ದರೆ ಉಳಿದೆಲ್ಲ ಸರಿಯಿದ್ದರೂ ಕೂಲಂಟ್ ಬೇಗ ಕುದಿದು ಹೊರಚೆಲ್ಲುತ್ತದೆ. ಹೆಡ್ ಗ್ಯಾಸ್ಕೆಟ್ ಅನುಮಾನವಿದ್ದರೆ ಟ್ಯಾಂಕಿನ ಬಾಯಿಯ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸುವ ಪರೀಕ್ಷೆ ಇದೆ. ಪೆಟ್ರೋಲ್ ಎಂಜಿನ್‌ನಲ್ಲಿ ದ್ರಾವಣ ಹಳದಿಗೆ ತಿರುಗಿದರೆ ಸಿಲಿಂಡರಿನ ಹೊಗೆ ಕೂಲಂಟ್‌ಗೆ ಸೇರುತ್ತಿದೆ. ಏನೂ ಸಿಗದಿದ್ದರೆ ಕೂಲಂಟ್‌ಗೆ ಹೊಳೆಯುವ ಬಣ್ಣ ಸೇರಿಸಿ, ಕೆಲವು ದಿನ ಓಡಿಸಿ, ಯುವಿ ದೀಪದಲ್ಲಿ ನೋಡಬಹುದು.

ಕಾರು ಕೈಗೆ ಬಂದ ಮೇಲೆ

ಕೂಲಂಟ್ ತುಂಬುವಾಗ ಒಳಗೆ ಗಾಳಿ ಸಿಕ್ಕಿಕೊಂಡರೆ ರಿಪೇರಿಯಾದ ಕಾರೇ ಮರುದಿನ ಮತ್ತೆ ಕಾಯಬಹುದು. ವ್ಯಾಕ್ಯೂಮ್ ಹಾಕಿ ತುಂಬಿದರೋ, ಗಾಳಿ ಬಿಡುವ ಸ್ಕ್ರೂ ಸಡಿಲಿಸಿ ತುಂಬಿದರೋ ಕೇಳಿ. ಹೀಟರಿನಿಂದ ಸಮನಾಗಿ ಬಿಸಿಗಾಳಿ ಬರಬೇಕು, ಡ್ಯಾಶ್‌ಬೋರ್ಡಿನ ಹಿಂದೆ ನೀರು ಗುಳುಗುಳು ಎನ್ನಬಾರದು. ಯಾವ ಭಾಗ, ಏಕೆ ಬದಲಾಯಿತು ಎಂಬುದು ಬಿಲ್ಲಿನಲ್ಲಿರಲಿ, ಮೊತ್ತ ಸೊನ್ನೆಯಿದ್ದರೂ ಸರಿ.

ಮರುದಿನ ಬೆಳಿಗ್ಗೆ, ಸಮತಟ್ಟು ಜಾಗದಲ್ಲಿ, ಎಂಜಿನ್ ಚಾಲೂ ಮಾಡುವ ಮೊದಲು ಟ್ಯಾಂಕಿನ ಹೊರಗೆ ಮಟ್ಟಕ್ಕೆ ಸರಿಯಾಗಿ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಮೊದಲ ವಾರ ದಿನಾ, ಆಮೇಲೆ ಒಂದು ತಿಂಗಳು ವಾರಕ್ಕೊಮ್ಮೆ ಅದೇ ಹೊತ್ತಿಗೆ ನೋಡಿ. ಉಳಿದ ಗಾಳಿ ಹೊರಬಂದು ಮೊದಲ ಕೆಲವು ದಿನ ಬೆರಳಿನ ದಪ್ಪದಷ್ಟು ಇಳಿಯಬಹುದು, ಒಮ್ಮೆ ಸರಿಮಾಡಿ ಹೊಸ ಗೆರೆ ಹಾಕಿ. ಆ ಎರಡನೇ ಗೆರೆಯಿಂದಲೂ ಮಟ್ಟ ಇಳಿದರೆ ದಿನಾಂಕ, ಓಡೋಮೀಟರ್ ಸಮೇತ ಫೋಟೊ ತೆಗೆದು, ಹಳೆಯ ಜಾಬ್ ಕಾರ್ಡಿನ ಸಂಖ್ಯೆ ನಮೂದಿಸಿ, ‘ಅದೇ ದೋಷ ಮರುಕಳಿಸಿದೆ’ ಎಂದು ಲಿಖಿತವಾಗಿ ಕೊಟ್ಟು ಕಾರನ್ನು ರಾತ್ರಿಯಿಡೀ ಅಲ್ಲೇ ಬಿಟ್ಟು ಬನ್ನಿ.