ಬ್ಲೆಚ್ಲಿ ಪಾರ್ಕಿಗೆ ಹೋದರೆ ಕಾಲಲ್ಲಿ ಶಕ್ತಿ ಉಳಿಸಿಕೊಳ್ಳಿ

ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷರು ಜರ್ಮನರ ಗುಪ್ತ ಸಂದೇಶಗಳನ್ನು ಬಿಡಿಸುತ್ತಿದ್ದ ಜಾಗ ಬ್ಲೆಚ್ಲಿ ಪಾರ್ಕ್. ಲಂಡನ್ನಿನ ಯೂಸ್ಟನ್ ಸ್ಟೇಷನ್ನಿಂದ ಬೆಳಗಿನ ರೈಲು ಹಿಡಿಯಿರಿ. ಬ್ಲೆಚ್ಲಿಯಲ್ಲಿ ಇಳಿದರೆ ಪಾರ್ಕಿಗೆ ನಡೆದೇ ಹೋಗಬಹುದು. ಆವರಣದಲ್ಲಿ ಎರಡು ಮ್ಯೂಸಿಯಂಗಳಿವೆ, ಟಿಕೆಟ್ ಬೇರೆ ಬೇರೆ. ಒಂದು ಬ್ಲೆಚ್ಲಿ ಪಾರ್ಕ್, ಇನ್ನೊಂದು ಕಂಪ್ಯೂಟಿಂಗ್ ಮ್ಯೂಸಿಯಂ. ಎರಡನೆಯದು ದಿನಾ ತೆರೆದಿರುವುದಿಲ್ಲ. ಮೊದಲೇ ನೋಡಿಕೊಂಡು ದಿನ ಗೊತ್ತು ಮಾಡಿಕೊಳ್ಳಿ.

ನಾನು ಮೊದಲ ಸಲ ಪಾರ್ಕಿನ ಹಳೇ ಬಂಗಲೆಯಲ್ಲೇ ಅರ್ಧ ದಿನ ಕಳೆದೆ. ಯಂತ್ರಗಳ ಹತ್ತಿರ ಬರುವಷ್ಟರಲ್ಲಿ ಕಾಲು ಬಿದ್ದುಹೋಗಿತ್ತು. ಬಂಗಲೆಗೆ ಅರ್ಧ ಗಂಟೆ ಸಾಕು.

ಹೋಗುವ ಮುಂಚೆ ಜರ್ಮನರ ಗುಪ್ತಲಿಪಿ ಯಂತ್ರ ಎನಿಗ್ಮಾದ ಒಂದು ದೋಷ ತಿಳಿದುಕೊಳ್ಳಿ. ಅದರಲ್ಲಿ ಯಾವ ಅಕ್ಷರವೂ ಅದೇ ಅಕ್ಷರವಾಗಿ ಬರುವುದಿಲ್ಲ. ಸಂದೇಶದಲ್ಲಿ ಇರಬಹುದಾದ ಪದವನ್ನು ಊಹಿಸಿ ಗುಪ್ತ ಅಕ್ಷರಗಳ ಕೆಳಗೆ ಬರೆಯಿರಿ. ಮೇಲೆ ಕೆಳಗೆ ಒಂದೇ ಅಕ್ಷರ ಬಂದರೆ ಪದ ಅಲ್ಲಿಲ್ಲ, ಒಂದು ಮನೆ ಸರಿಸಿ. ಚೌಕಳಿ ಹಾಳೆಯಲ್ಲಿ ಹತ್ತು ನಿಮಿಷ ಆಡಿದರೆ, ಗಣಿತಜ್ಞ ಅಲನ್ ಟ್ಯೂರಿಂಗ್ ಕೆಲಸ ಮಾಡಿದ 8ನೇ ಹಟ್ (ಮರದ ಶೆಡ್ಡು) ಬರೀ ಮೇಜು-ಕುರ್ಚಿಯಾಗಿ ಕಾಣುವುದಿಲ್ಲ. ಪೋಲೆಂಡಿನ ಮೂವರು ಗಣಿತಜ್ಞರ ಸ್ಮಾರಕವನ್ನೂ ಬಿಡಬೇಡಿ. ಎನಿಗ್ಮಾಗೆ ಅವರು 1932ರಲ್ಲೇ ಕೈ ಹಾಕಿದ್ದರು.

ಮಧ್ಯಾಹ್ನ ಕಂಪ್ಯೂಟಿಂಗ್ ಮ್ಯೂಸಿಯಂ. ಎನಿಗ್ಮಾ ಬಿಡಿಸಲು ಬಾಂಬ್ ಯಂತ್ರ, ಜರ್ಮನರ ಇನ್ನೊಂದು ಗುಪ್ತಲಿಪಿ ಯಂತ್ರವಾದ ಲೊರೆನ್ಜ್‌ಗೆ ಕೊಲಾಸಸ್. ಈ ಜೋಡಿ ನೆನಪಿರಲಿ, ಇಲ್ಲಿ ಎಲ್ಲರೂ ಎಡವುತ್ತಾರೆ. (ಬಾಂಬ್ ಅಂದರೆ ಸಿಡಿಯುವುದಲ್ಲ, ಸಾಲು ಸಾಲು ಡ್ರಮ್ಮುಗಳು ತಿರುಗುವ ಯಂತ್ರ.) ಹನ್ನೆರಡು ಚಕ್ರದ ಲೊರೆನ್ಜ್ ಯಂತ್ರವನ್ನು ಕಣ್ಣಲ್ಲೇ ಕಾಣದೆ ಅದರ ಒಳಗಿನ ರಚನೆ ಕಂಡುಹಿಡಿದವರು ಬಿಲ್ ಟಟ್. ಟಾಮಿ ಫ್ಲವರ್ಸ್ ಅಂಚೆ ಇಲಾಖೆಯ ಎಂಜಿನಿಯರ್. ಅವರ ಮೊದಲ ಕೊಲಾಸಸ್ ಇಲ್ಲಿಗೆ ಬಂದದ್ದು 1944ರಲ್ಲಿ. ಈಗ ಇರುವುದು ಮರುನಿರ್ಮಾಣ, ಆದರೂ ಓಡುತ್ತದೆ.

ನಾನು ತಂತಿಯಲ್ಲಿ ಟೈಪ್ ಸಂದೇಶ ಕಳಿಸುವ ಟೆಲೆಕ್ಸಿನಲ್ಲಿ ದುಡಿದವನು. ಐದು ತೂತಿನ ಪೇಪರ್ ಟೇಪು ನನಗೆ ಅಕ್ಷರಮಾಲೆ ಇದ್ದ ಹಾಗೆ. ಮೊದಲ ತೂತು ಮಾತ್ರ ಇದ್ದರೆ ‘ಇ’, ಕೊನೆಯದು ಮಾತ್ರ ಇದ್ದರೆ ‘ಟಿ’. ನಮ್ಮ ಯಂತ್ರ ಕಟಕಟ ಅಂತ ಅಕ್ಷರ ಎಣಿಸುತ್ತಾ ಓದುತ್ತಿತ್ತು. ಅಂಥದೇ ಟೇಪಿನಿಂದ ಕೊಲಾಸಸ್ ಸೆಕೆಂಡಿಗೆ 5,000 ಅಕ್ಷರ ಓದುತ್ತದೆ! ಟೇಪಿನ ಎರಡು ತುದಿ ಅಂಟಿಸಿ, ರಾಟೆಗಳ ಮೇಲೆ ಸುತ್ತಿಸುತ್ತಾರೆ. ನೀವು ಆ ಅಂಟು ಹಾಕಿದ ಜಾಗವನ್ನೇ ನೋಡುತ್ತಾ ನಿಲ್ಲಿ. ಟೇಪು ಹರಿದುಹೋಗುವುದು ಅಲ್ಲೇ ಅಲ್ವಾ? ಅಷ್ಟು ವೇಗದಲ್ಲಿ ಅದನ್ನು ಹೇಗೆ ಹಿಡಿದಿಟ್ಟರು ಅಂತ ಅಲ್ಲಿನ ಸ್ವಯಂಸೇವಕರನ್ನು ಕೇಳಿ. ನನಗೆ ಉತ್ತರ ಮುಗಿಯುವಷ್ಟರಲ್ಲಿ ಎರಡು ರೈಲು ಹೋಗಿದ್ದವು.