ವಾಲ್ವ್ ಆಪರೇಷನ್‌ಗೆ ಊರು ಬಿಡುವ ಮುನ್ನ

ಹೃದಯದ ವಾಲ್ವ್ ಕೆಟ್ಟಿದೆ ಅಂತ ಡಾಕ್ಟರ್ ಹೇಳಿದ ಕೂಡಲೇ ನಮ್ಮ ಕಡೆ ಹೊಲ ಮಾರುವ ಮಾತು ಶುರುವಾಗುತ್ತದೆ. ದಯವಿಟ್ಟು ಅವಸರ ಬೇಡ. ಕಡಿಮೆ ಖರ್ಚಿನಲ್ಲಿ, ಕೆಲವೆಡೆ ಪೂರ್ತಿ ಉಚಿತವಾಗಿ ಆಪರೇಷನ್ ಮಾಡಿಸಿಕೊಳ್ಳುವ ದಾರಿ ಇದೆ.

ಮೊದಲು ಜಿಲ್ಲೆಯ ಸರ್ಕಾರಿ ಆಸ್ಪತ್ರೆಗೆ ಹೋಗಿ. ರಾಯಚೂರಿನವರಿಗೆ ರಿಮ್ಸ್, ಬಳ್ಳಾರಿಯವರಿಗೆ ಜನ ಇನ್ನೂ ವಿಮ್ಸ್ ಅಂತಲೇ ಕರೆಯುವ ದೊಡ್ಡಾಸ್ಪತ್ರೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಆ ಚಿಕಿತ್ಸೆಗೆ ಯೋಜನೆ ಗೊತ್ತುಮಾಡಿದ ಪ್ಯಾಕೇಜ್ ದರದಲ್ಲಿ ಶೇ 30ನ್ನು ಮಾತ್ರ ಸರ್ಕಾರ ಕೊಡುತ್ತದೆ, ಉಳಿದದ್ದು ಕೈಯಿಂದ. ಅಲ್ಲಿ ಆಗದ ಆಪರೇಷನ್ ಆದರೆ ರೆಫರಲ್ ಚೀಟಿ ಬರೆಸಿಕೊಳ್ಳಿ. ತುರ್ತು ಕೇಸು ಬಿಟ್ಟರೆ, ಈ ಚೀಟಿ ಇಲ್ಲದೆ ಖಾಸಗಿ ಆಸ್ಪತ್ರೆಗೆ ಹೋದವರು ಪೂರ್ತಿ ಬಿಲ್ ಕಟ್ಟಬೇಕಾಗುತ್ತದೆ.

ಆಮೇಲೆ ಆಸ್ಪತ್ರೆ ಆರಿಸಿ. ರಾಯಚೂರಿಗೆ ಕಲಬುರಗಿಯ ಜಯದೇವ ಹತ್ತಿರ. ಬಳ್ಳಾರಿಯವರು ಅನಂತಪುರದ ಮೇಲೆ ಪುಟ್ಟಪರ್ತಿಗೂ ಹೋಗಬಹುದು. ಆಂಧ್ರ ಅಂತ ಹಿಂಜರಿಯಬೇಡಿ. ಅಲ್ಲಿನ ಸತ್ಯಸಾಯಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ 1991ರಿಂದ ಉಚಿತವಾಗಿ ಚಿಕಿತ್ಸೆ ಕೊಡುತ್ತಿದೆ, ಅಲ್ಲಿ ಬಿಲ್ ಕೌಂಟರೇ ಇಲ್ಲ. ಆದರೆ ಹೋದ ದಿನವೇ ಆಪರೇಷನ್ ಅಂತ ತಿಳಿದು ಹೊರಡಬೇಡಿ. ಬೇಗ ಡೇಟ್ ಕೊಡಿಸ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಚೀಲದಲ್ಲಿ ಆಧಾರ್, ರೇಷನ್ ಕಾರ್ಡ್, ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್, ಹಳೆಯ ಚೀಟಿಗಳು, ಎಲ್ಲದರ ಝೆರಾಕ್ಸ್ ಇರಲಿ. ನುಂಗುತ್ತಿರುವ ಮಾತ್ರೆಗಳನ್ನು ಪಟ್ಟಿ ಸಮೇತ ಒಯ್ಯಿರಿ. ಹೆಸರು ನೆನಪಿಲ್ಲ, ಬಿಳಿ ಗುಳಿಗೆ ಅಂದರೆ ಡಾಕ್ಟರಿಗೆ ಏನೂ ಗೊತ್ತಾಗುವುದಿಲ್ಲ, ಅಲ್ವಾ?

ಇನ್ನು ಬಹಳ ಜನ ಕೇಳದೇ ಬಿಡುವ ಮಾತು. ಯಾವ ವಾಲ್ವ್ ಹಾಕುತ್ತೀರಿ ಅಂತ ಆಪರೇಷನ್‌ಗೆ ಮುಂಚೆಯೇ ಕೇಳಿ. ಲೋಹದ ವಾಲ್ವ್ ಜಾಸ್ತಿ ವರ್ಷ ಬಾಳುತ್ತದೆ, ಆದರೆ ರಕ್ತ ಹೆಪ್ಪುಗಟ್ಟದಂತೆ ಜೀವನವಿಡೀ ಮಾತ್ರೆ ನುಂಗಬೇಕು. ಆ ಮಾತ್ರೆ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಹುದು. ಹಾಗಾಗಿ ಇನ್ನೂ ಮಕ್ಕಳಾಗಬೇಕಾದ ಹೆಣ್ಣುಮಕ್ಕಳು ಸಂಕೋಚ ಬಿಟ್ಟು ಇದನ್ನು ಡಾಕ್ಟರಿಗೆ ಹೇಳಲೇಬೇಕು. ಅತ್ತೆ, ಗಂಡ ಹೇಳಲಿ ಅಂತ ಕಾಯಬೇಡಿ. ಪ್ರಾಣಿಯ ಅಂಗಾಂಶದ ವಾಲ್ವ್ ಆದರೆ ಈ ಮಾತ್ರೆ ಸಾಮಾನ್ಯವಾಗಿ ಜೀವನವಿಡೀ ಬೇಕಾಗುವುದಿಲ್ಲ, ಆದರೆ ಅದು ಬೇಗ ಸವೆಯುತ್ತದೆ.

ಲೋಹದ ವಾಲ್ವ್ ಹಾಕಿಸಿಕೊಂಡವರು ಊರಿಗೆ ಬಂದ ಮೇಲೂ ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆ ಅಂತ ತೋರಿಸುವ ಐಎನ್‌ಆರ್ ಎಂಬ ರಕ್ತಪರೀಕ್ಷೆ ಮಾಡಿಸುತ್ತಲೇ ಇರಬೇಕು. ಅದಕ್ಕೆಂದು ಪ್ರತಿ ಸಲ ಪುಟ್ಟಪರ್ತಿಗೆ ಹೋಗುವುದು ಆಗದ ಮಾತು. ಹತ್ತಿರದ ಯಾವ ಲ್ಯಾಬ್‌ನಲ್ಲಿ ಮಾಡುತ್ತಾರೆ, ರಿಪೋರ್ಟ್ ನೋಡಿ ಮಾತ್ರೆ ಹೆಚ್ಚು ಕಡಿಮೆ ಮಾಡುವ ಡಾಕ್ಟರ್ ಯಾರು ಅಂತ ಹೊರಡುವ ಮೊದಲೇ ವಿಚಾರಿಸಿಡಿ. ಹಲ್ಲು ಕೀಳಿಸುವುದಿದ್ದರೆ ವಾಲ್ವ್ ಹಾಕಿರುವುದನ್ನು ಹಲ್ಲಿನ ಡಾಕ್ಟರಿಗೆ ಮೊದಲೇ ತಿಳಿಸಿ. ಸೋಂಕು ತಗಲದಂತೆ ಅವರು ಮುಂಚೆಯೇ ಮಾತ್ರೆ ಕೊಡುತ್ತಾರೆ.