‘ರೋಸಿಹೋಯ್ತು’ ಅನ್ನೋದು ಯಾವಾಗ, ಹೇಗೆ?

ಕೋಲಾರದ ಪಕ್ಕದ ನರಸಾಪುರಕ್ಕೆ ಕಾರ್ಖಾನೆ ಕೆಲಸಕ್ಕೆಂದು ಬೇರೆ ರಾಜ್ಯಗಳಿಂದ ಬರುವ ಹುಡುಗ ಹುಡುಗಿಯರಿಗೆ ನಾನು ಸಂಜೆ ಹೊತ್ತು ಕನ್ನಡ ಹೇಳಿಕೊಡುತ್ತೇನೆ. ‘ಊಟ ಆಯ್ತಾ’, ‘ಎಷ್ಟು ಕೊಡಬೇಕು’ ಕಲಿತ ಮೇಲೆ ಅವರು ಕೇಳುವ ಪ್ರಶ್ನೆ ಒಂದಿದೆ. ಸಿಟ್ಟು, ಬೇಸರ, ಸುಸ್ತು ಎಲ್ಲಾ ಒಟ್ಟಿಗೆ ಬಂದಾಗ ಏನನ್ನಬೇಕು? ‘ರೋಸಿಹೋಯ್ತು’ ಅನ್ನಿ ಅಂತ ಹೇಳುತ್ತೇನೆ. ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಕೂಡ ಈಗ ಎಲ್ಲದಕ್ಕೂ ‘ಇರಿಟೇಟ್ ಆಗ್ತಿದೆ’ ಅಂತಾರೆ. ಅವರಿಗೂ ಈ ಪದ ಬೇಕು.

ರೋಸು ಅಂದರೆ ಹೇಸು, ಅಸಹ್ಯಪಡು. ಕೇಳಿದ ತಕ್ಷಣ ಸಂಸ್ಕೃತದ ‘ರೋಷ’ ನೆನಪಾಗುತ್ತದೆ, ನಿಜ. ಆದರೆ ರೋಸಿಹೋದವರಲ್ಲಿ ಕೋಪಕ್ಕಿಂತ ಹೇಸಿಗೆಯೇ ಜಾಸ್ತಿ. ಶ್ರೀನಿವಾಸಪುರ, ಚಿಂತಾಮಣಿ ಕಡೆ ಮನೆಯಲ್ಲಿ ತೆಲುಗು ಮಾತಾಡುವವರಿಗೆ ಇದನ್ನು ತಿಳಿಸುವುದು ಸುಲಭ. ತೆಲುಗಿನಲ್ಲಿ ‘ರೋಯು’ ಅಂದರೆ ಹೇಸು, ‘ರೋತ’ ಅಂದರೆ ಹೇಸಿಗೆ. ‘ನಿಮ್ಮ ರೋತ ನೆನಪಿಸಿಕೊಳ್ಳಿ’ ಅಂದರೆ ಸಾಕು, ಅರ್ಥ ಹಿಡಿದುಬಿಡುತ್ತಾರೆ.

ಪದದ ಜೀವ ಇರುವುದು ‘ಹೋಗು’ವಿನಲ್ಲಿ. ಮುಗಿದುಹೋಯ್ತು, ಒಡೆದುಹೋಯ್ತು ಅನ್ನುವಾಗ ಬರುವ ‘ಹೋಗು’ವೇ ಇಲ್ಲಿಯೂ ಇದೆ. ಆಗಬೇಕಾದ್ದು ಪೂರ್ತಿ ಆಗಿದೆ. ಆದ್ದರಿಂದ ‘ಸ್ವಲ್ಪ ರೋಸಿಹೋಗಿದೆ’ ಅನ್ನಬೇಡಿ. ‘ರೋಸ್ತಾ ಇದೆ’ ಅಂದರೂ ಕಿವಿಗೆ ಒಗ್ಗುವುದಿಲ್ಲ. ವರ್ಷವಿಡೀ ಹರಿಯುವ ನದಿ ಇಲ್ಲದ ಜಿಲ್ಲೆ ನಮ್ಮದು. ಒಂದು ದಿನ ನೀರು ಬರದಿದ್ದರೆ ಅದು ಕಿರಿಕಿರಿ. ಟ್ಯಾಂಕರ್‌ನವರು ‘ನಾಳೆ’ ಅಂದು ವಾರಗಟ್ಟಲೆ ಸತಾಯಿಸಿದರೆ ಆಗ ರೋಸಿಹೋಗುತ್ತದೆ. ಹಾಗೇ ಟೊಮೆಟೊ ಬೆಲೆ ಒಂದು ದಿನ ಬಿದ್ದರೆ ರೈತನಿಗೆ ಬೇಜಾರು. ಬೆಳೆ ಮೇಲೆ ಬೆಳೆ ಹೀಗೇ ಆಗಿ, ಕೂಲಿಯೂ ಹುಟ್ಟದೆ ರಸ್ತೆಗೆ ಸುರಿದು ಬರುತ್ತಾನಲ್ಲ, ಅವನು ರೋಸಿಹೋಗಿದ್ದಾನೆ.

ವಾಕ್ಯ ಕಟ್ಟುವಾಗ ‘ನನಗೆ ರೋಸಿಹೋಗಿದೆ’, ‘ನಾನು ರೋಸಿಹೋಗಿದ್ದೇನೆ’ ಎರಡೂ ನಡೆಯುತ್ತವೆ. ‘ಜೀವ ರೋಸಿಹೋಗಿದೆ’ ಅಂದರೆ ಇನ್ನೂ ಗಟ್ಟಿ. ಕಾರಣವನ್ನು ಜೋಡಿ ಪದದಲ್ಲಿ ಹೇಳಿ. ಕೇಳಿ ಕೇಳಿ, ಕಾದು ಕಾದು, ಅಲೆದು ಅಲೆದು. ನಮ್ಮ ಮನೆ ಖಾತೆಗಾಗಿ ನಾನು ಒಂದು ಕಚೇರಿಗೆ ತಿಂಗಳುಗಟ್ಟಲೆ ತಿರುಗಿದ್ದೇನೆ. ಆಗ ನನ್ನ ಬಾಯಲ್ಲಿ ಬರುತ್ತಿದ್ದದ್ದು ಇದೇ: ‘ಅಲೆದು ಅಲೆದು ರೋಸಿಹೋಗಿದೆ ಸ್ವಾಮಿ.’ ಎಷ್ಟು ದಿನದ ಸಂಕಟ ಅನ್ನುವುದನ್ನು ಆ ‘ಅಲೆದು ಅಲೆದು’ವೇ ಹೇಳುತ್ತದೆ.

ಪಕ್ಕದ ಪದಗಳನ್ನು ಇದರ ಜೊತೆ ಕಲಸಬೇಡಿ. ಸದ್ದುಗದ್ದಲಕ್ಕೆ ‘ತಲೆ ಚಿಟ್ಟು ಹಿಡೀತು’ ಸರಿ. ತಟ್ಟನೆ ಉಕ್ಕುವ ಕೋಪಕ್ಕೆ ‘ಪಿತ್ತ ನೆತ್ತಿಗೇರಿತು’. ಅದು ಆಯುರ್ವೇದದ ವಾತ, ಪಿತ್ತ, ಕಫದ ಲೆಕ್ಕದಿಂದ ಬಂದ ಮಾತು. ಉರಿ, ಕಾವು, ಕೋಪ ಎಲ್ಲಾ ಪಿತ್ತದ ಪಾಲು. ‘ಬೇಜಾರು’ ಪಾರಸಿಯಿಂದ ಬಂದದ್ದು. ಅಲ್ಲಿ ‘ಬೇಜಾರ್’ ಅಂದರೆ ಹೆಚ್ಚುಕಡಿಮೆ ರೋಸಿಹೋದವನೇ! ಕನ್ನಡಕ್ಕೆ ಬಂದ ಮೇಲೆ ಮೆತ್ತಗಾಗಿದೆ. ಈಗ ಮಳೆ ಬಂದು ಕ್ರಿಕೆಟ್ ನಿಂತರೂ ಬೇಜಾರು, ಮಗಳು ಗಂಡನ ಮನೆಗೆ ಹೊರಟರೂ ಬೇಜಾರು.

ಮನೆಯವರ ಮುಂದೆ ಮಾತ್ರ ಜೋಪಾನ. ‘ನಿನ್ನಿಂದ ರೋಸಿಹೋಗಿದೆ’ ಅಂದರೆ ಆ ಮನುಷ್ಯನ ಮೇಲೇ ಹೇಸಿಗೆ ಬಂದಿದೆ ಅಂತ ಅರ್ಥ. ಅಷ್ಟು ದೊಡ್ಡ ಮಾತು ನಿಮಗೆ ಬೇಕಿಲ್ಲ, ಅಲ್ವಾ? ‘ನಿನ್ನ ನೆಪ ಕೇಳಿ ಕೇಳಿ ರೋಸಿಹೋಗಿದೆ’ ಅನ್ನಿ. ಆಗ ಬೈದದ್ದು ನೆಪವನ್ನು, ಅವರನ್ನಲ್ಲ.

ಬರವಣಿಗೆಯಲ್ಲೂ ಈ ಪದ ಚೆನ್ನಾಗಿ ನಿಲ್ಲುತ್ತದೆ. ಪತ್ರಿಕೆಗಳಲ್ಲಿ ‘ರೋಸಿಹೋದ ಗ್ರಾಮಸ್ಥರು’ ಖಾಲಿ ಕೊಡ ಹಿಡಿದು ಕೂರುವುದನ್ನು ನೋಡಿರುತ್ತೀರಿ. ‘ರೋಸತ್ತು’ ಅಂತಲೂ ಬರೆಯುತ್ತಾರೆ, ತಪ್ಪಿಲ್ಲ. ನೀವೇ ದೂರು ಬರೆಯುವಾಗ ಮೊದಲು ತಾರೀಕು ಹಾಕಿ, ಯಾರನ್ನು ಎಷ್ಟು ಸಲ ಕೇಳಿದಿರಿ ಅಂತ ಬರೆಯಿರಿ. ಅದಾದ ಮೇಲೆ ‘ಇದರಿಂದ ರೋಸಿಹೋಗಿದ್ದೇವೆ’ ಅಂತ ಸೇರಿಸಿ. ಒಂದೇ ಸಲ ಸಾಕು.